ತಿಕ್ಕಬಾರದಿತ್ತು

ದೇವಸ್ಥಾನದ ಅಂಗಳದಲ್ಲಿ ನಡೆಯುವ ಹಳೆ ಸಾಮಾನಿನ ಸಂತೆಯಿಂದ ಮೂರು ಸಾವಿರ ಯೆನ್ ಕೊಟ್ಟು ಆ ಕಲ್ಲು ತಂದಿದ್ದೆ. ಅಂಗೈಯಗಲದ ಕಪ್ಪು ಗುಡ್ಡ, ನೆತ್ತಿಯಿಂದ ಬುಡದವರೆಗೆ ಒಂದು ಬಿಳಿ ಗೆರೆ. ಇಂಥದ್ದಕ್ಕೆ ಜಪಾನಿನಲ್ಲಿ ತಾಕಿ-ಇಶಿ ಅಂತಾರೆ, ಜಲಪಾತದ ಕಲ್ಲು. ಗೆರೆ ನೂಲಿನಷ್ಟು ಸಣ್ಣಗಿದ್ದರೆ ಇತೊದಾಕಿ, ಬಟ್ಟೆ ಹರವಿದಂತೆ ಅಗಲವಾಗಿದ್ದರೆ ನುನೊದಾಕಿ. ನನ್ನದು ನೂಲು.

"ಕಲ್ಲಿಗೆ ಮೂರು ಸಾವಿರಾನಾ?" ಅಂದಳು ಹೆಂಡತಿ. ನಾನು ಮಾತಾಡಲಿಲ್ಲ.

ಹುಚ್ಚು ಹತ್ತಿದ್ದು ಅದರ ಹಿಂದಿನ ವಾರ, ಸೈತಾಮಾದ ಓಮಿಯಾ ಬೋನ್ಸಾಯ್ ಮ್ಯೂಸಿಯಮ್ಮಿನಲ್ಲಿ. ಗಿಡ ನೋಡಲು ಹೋದವನು ಸುಯಿಸೆಕಿ, ಅಂದರೆ ಬೆಟ್ಟ, ಜಲಪಾತ ನೆನಪಿಸುವಂಥ ಕಲ್ಲುಗಳ ಮುಂದೆ ನಿಂತುಬಿಟ್ಟೆ. ಸುಯಿ ಅಂದರೆ ನೀರು, ಸೆಕಿ ಅಂದರೆ ಕಲ್ಲು. ಅಳತೆಗೆ ಸರಿಯಾಗಿ ಕೆತ್ತಿದ ಮರದ ಪೀಠದಲ್ಲೋ, ಮರಳು ಹಾಸಿದ ತಟ್ಟೆಯಲ್ಲೋ ಕಲ್ಲನ್ನು ಕೂರಿಸಿರುತ್ತಾರೆ. ಮೊದಲು ಬೆಟ್ಟದ ಆಕಾರವಷ್ಟೇ ಕಂಡಿತು. ಬಗ್ಗಿ ನೋಡಿದಾಗ ಚರ್ಮ ಕಂಡಿತು: ಒಂದರಲ್ಲಿ ಗೆದ್ದಲು ತಿಂದಂಥ ತೂತು, ಇನ್ನೊಂದರಲ್ಲಿ ಮುದುಕರ ಕೈಮೇಲಿನಂಥ ಸುಕ್ಕು. ಲಾಲ್‌ಬಾಗಿನ ಬಂಡೆ ಮೇಲೆ ಕೂತು ಎಷ್ಟು ಕಡಲೆಕಾಯಿ ತಿಂದಿದ್ದೇನೋ, ಅದರ ಪಟ್ಟೆಗಳನ್ನು ಒಂದು ದಿನವೂ ನೋಡಿದವನಲ್ಲ.

ಮನೆಗೆ ತಂದ ಕಲ್ಲನ್ನು ಬೆರಳಲ್ಲಿ ಸವರಿದೆ. ಬಿಳಿ ಗೆರೆ ಕಪ್ಪಿಗಿಂತ ಕೂದಲೆಳೆಯಷ್ಟು ಒಳಗಿತ್ತು, ಉಗುರು ಸಿಕ್ಕಿಕೊಳ್ಳುತ್ತಿತ್ತು. ಬಂಡೆ ಬಿರಿದ ಸಂದಿಗೆ ಖನಿಜ ಕರಗಿದ ನೀರು ನುಗ್ಗಿ, ಕ್ಯಾಲ್ಸೈಟೋ ಕ್ವಾರ್ಟ್ಜೋ ಗಟ್ಟಿಯಾಗಿ ಇಂಥ ಗೆರೆ ಮೂಡುತ್ತದಂತೆ. ಅಂದರೆ ಈ ಜಲಪಾತ ನಿಜಕ್ಕೂ ನೀರಿನದೇ ಕೆಲಸ. ಸಂದುಗೊಂದಿನಲ್ಲಿ ಮಾತ್ರ ಕಂದು ಕೊಳೆ. ನಮ್ಮ ಮನೆಯಲ್ಲಿ ಕೊಳೆ ಕಂಡರೆ ಮಾಡುವುದು ಒಂದೇ. ಪಾತ್ರೆ ತಿಕ್ಕುವ ಸ್ಟೀಲ್ ನಾರು, ಸೋಪಿನ ನೀರು, ಹತ್ತು ನಿಮಿಷ. ಒಣಗಿದ ಮೇಲೆ ನೋಡಿದರೆ ಕಪ್ಪು ಹೋಗಿ ಬೂದಿ ಬಣ್ಣ, ಎಡಗಡೆ ತುಂಬ ಗೀರು.

ಮುಂದಿನ ತಿಂಗಳ ಸಂತೆಗೆ ಕಲ್ಲನ್ನು ಮಾರಿದ ಅಜ್ಜನ ಹತ್ತಿರವೇ ಒಯ್ದೆ. ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಬಾಟಲಿಯಿಂದ ನೀರು ಸುರಿದರು. ಕಲ್ಲು ಗಕ್ಕನೆ ಕಪ್ಪಾಯಿತು, ಗೀರು ಮಾಯ, ಬಿಳಿ ಗೆರೆ ಧುಮುಕಿದ ಹಾಗೆ ಎದ್ದು ಕಂಡಿತು. ಅಂಚಿನಿಂದ ಒಣಗುತ್ತ ಬಂದಂತೆ ಗೀರುಗಳೂ ಒಂದೊಂದಾಗಿ ವಾಪಸ್ಸು ಬಂದವು.

"ನೀವು ತೊಳೆದದ್ದು ಬರೀ ಕೊಳೆಯಲ್ಲ, ಇದನ್ನು ಸಾಕಿದವರ ವರ್ಷಗಳನ್ನೂ ತೊಳೆದಿರಿ," ಅಂದರು. ಹೀಗೆ ಕಲ್ಲು ಸಾಕುವುದಕ್ಕೆ ಅವರಲ್ಲಿ ಯೋಸೆಕಿ ಎಂಬ ಮಾತಿದೆ. ಕಲ್ಲನ್ನು ಬಿಸಿಲಲ್ಲಿಟ್ಟು ದಿನಾ ನೀರು ಹಾಕುವುದು, ಆಗಾಗ ಕೈಯಲ್ಲಿ ಸವರುವುದು, ಹೀಗೆ ವರ್ಷಗಟ್ಟಲೆ ಮಾಡಿದರೆ ಬಣ್ಣಕ್ಕೆ ಆಳ ಬರುತ್ತದೆ. ಗಿಫು ಕಡೆಯ ಸೇವಂತಿಗೆ ಕಲ್ಲುಗಳನ್ನು ಒಳಗಿನ ಹೂವಿನಂಥ ಚಿತ್ತಾರ ಕಾಣಲೆಂದು ಉಜ್ಜಿ ಹೊಳಪು ಕೊಡುತ್ತಾರಲ್ಲ ಅಂತ ವಾದ ಹೂಡಿದೆ. ಅಜ್ಜ ನಕ್ಕರು. "ಅದು ಬೇರೆ. ಅವರು ಸ್ಟೀಲ್ ನಾರು ಹಿಡಿಯಲ್ಲ."

"ಸರಿಹೋಗೋಕೆ ಎಷ್ಟು ವರ್ಷ ಬೇಕು?"

"ನಿಮ್ಮ ವಯಸ್ಸೆಷ್ಟು?"

"ಮೂವತ್ತಾರು."

"ಹಾಗಾದರೆ ಟೈಮಿದೆ."

ಕಲ್ಲೀಗ ಟೋಕಿಯೊದ ನಿಶಿ-ಕಸಾಯಿಯ ನಮ್ಮ ಮನೆಯ ಬಾಲ್ಕನಿಯಲ್ಲಿ, ಕರಿಬೇವಿನ ಕುಂಡದ ಪಕ್ಕ. ಬೆಳಿಗ್ಗೆ ಗಿಡಕ್ಕೆ ಹಾಕಿ ಉಳಿದ ಚೊಂಬಿನ ನೀರನ್ನು ಹೆಂಡತಿಯೇ ಅದರ ಮೇಲೆ ಸುರಿಯುತ್ತಾಳೆ. ಇದು ಮೂರನೇ ಬೇಸಿಗೆ. ಬಲಗಡೆ ಸ್ವಲ್ಪ ಕಪ್ಪೇರಿದೆ ಅಂತ ಅವಳು ಹೇಳುತ್ತಾಳೆ. ನನಗಿನ್ನೂ ಎಡಗಡೆಯ ಗೀರೇ ಮೊದಲು ಕಾಣುತ್ತದೆ.