ಹೆಸರು ಒಂದೇ, ಅಳತೆ ಎರಡು

ನಮ್ಮ 64 ಬಿಟ್ ಆರ್ಮ್ ಬೋರ್ಡಿನಲ್ಲಿ ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು) ಹೊಸದು, ಪ್ರೋಗ್ರಾಮುಗಳಿಗೂ ಅದಕ್ಕೂ ನಡುವೆ ನಿಲ್ಲುವ ಸಿ ಲೈಬ್ರರಿ ಜಿಲಿಬ್‌ಸಿ ಹಳೆಯದು. ಎಂಬೆಡೆಡ್ ಕೆಲಸದವರಿಗೆ ಈ ಸಂಸಾರ ಗೊತ್ತೇ ಇರುತ್ತದೆ. ನನಗೆ ಮಿಲಿಸೆಕೆಂಡಿಗಿಂತ ಸಣ್ಣ ಟೈಮ್‌ಔಟ್ (ಕಾಯುವ ಗಡುವು) ಬೇಕಿತ್ತು. ಅದನ್ನು ನ್ಯಾನೊಸೆಕೆಂಡಿನ ಲೆಕ್ಕದಲ್ಲಿ ಕೊಡಲು ಬಿಡುವ, ಈವೆಂಟುಗಳಿಗಾಗಿ ಕಾಯುವ ಕಾಲ್ 'ಈಪೋಲ್_ಪಿವೇಟ್2' 2021ರಲ್ಲೇ, 5.11ರ ಕರ್ನಲ್‌ಗೆ ಬಂದಿತ್ತು. ಜಿಲಿಬ್‌ಸಿಗೆ ಬಂದದ್ದು 2022ರ 2.35ರಲ್ಲಿ. ನಮ್ಮದು ಅದಕ್ಕೂ ಹಿಂದಿನದು. ಲೈಬ್ರರಿಯ ಹಂಗೇ ಬೇಡ ಎಂದು ಅದರ ನಂಬರು ಹಿಡಿದು, 441ನೇ ಸಿಸ್ಟಂ ಕಾಲ್ (ಕರ್ನಲ್‌ಗೆ ಮಾಡುವ ಕರೆ) ಅನ್ನು ನೇರವಾಗಿ ಕರೆದೆ.

'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಎಂದಿತು.

ಕಾಲ್‌ಗೆ ಕೊಟ್ಟದ್ದು ಆರು ಆರ್ಗ್ಯುಮೆಂಟು, ಅಂದರೆ ಆರು ಮೌಲ್ಯ. ಯಾವುದು ತಪ್ಪು ಅಂತ ಕರ್ನಲ್ ಬಾಯಿಬಿಡುವುದಿಲ್ಲ. ನ್ಯಾನೊಸೆಕೆಂಡು ನೂರು ಕೋಟಿ ದಾಟಿತೇ ನೋಡಿದೆ, ಇಲ್ಲ. ಈವೆಂಟುಗಳ ಸಂಖ್ಯೆ ಸೊನ್ನೆಯೇ, ಅದೂ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ, ಸುಮ್ಮನೆ ಬೇಸರಕ್ಕೆ, ಸಿಗ್ನಲ್ ಮಾಸ್ಕ್ (ಕಾಯುವಾಗ ಯಾವ ಸಿಗ್ನಲ್ ತಡೆಯಬೇಕೆಂಬ ಪಟ್ಟಿ) ಇದ್ದ ಜಾಗದಲ್ಲಿ ನಲ್, ಅಂದರೆ ಖಾಲಿ, ಇಟ್ಟೆ. ಓಡಿತು! ಮಾಸ್ಕ್ ವಾಪಸ್ ಇಟ್ಟರೆ ಮತ್ತೆ ಅದೇ ರಾಗ. ಮಾಸ್ಕ್‌ನಲ್ಲೇ ಏನೋ ಇದೆ ಎಂದು ಅದರ ಬಿಟ್‌ಗಳನ್ನೆಲ್ಲ ಪ್ರಿಂಟ್ ಮಾಡಿ ಒಂದು ಗಂಟೆ ಹಾಳುಮಾಡಿದೆ. ಬಿಟ್‌ಗಳು ಸರಿಯಾಗೇ ಇದ್ದವು.

ಕೊನೆಗೆ, ಪ್ರೋಗ್ರಾಮು ಮಾಡುವ ಸಿಸ್ಟಂ ಕಾಲ್‌ಗಳನ್ನು ಸಾಲುಸಾಲಾಗಿ ತೋರಿಸುವ ಎಸ್‌ಟ್ರೇಸ್ ಹಾಕಿದೆ. ಅದೇ ಪ್ರೋಗ್ರಾಮಿನಲ್ಲಿ ಜಿಲಿಬ್‌ಸಿ ತಾನಾಗಿ ಕರೆದ 'ಆರ್‌ಟಿ_ಸಿಗ್‌ಪ್ರಾಕ್‌ಮಾಸ್ಕ್' ಸಾಲಿನ ಕೊನೆಯಲ್ಲಿ 8 ಅಂತಿತ್ತು. ನನ್ನ ಸಾಲಿನ ಕೊನೆಯಲ್ಲಿ 128. ಅದು ಕೊನೆಯ ಆರ್ಗ್ಯುಮೆಂಟು, ಮಾಸ್ಕಿನ ಅಳತೆ. ಅಲ್ಲಿ ನಾನು ಬರೆದದ್ದು ಮಾಸ್ಕಿನ ಟೈಪ್ ಆದ 'ಸಿಗ್‌ಸೆಟ್_ಟಿ'ಯ ಸೈಜ್‌ಆಫ್, ಅಂದರೆ ಅದು ಎಷ್ಟು ಬೈಟ್ ಎಂಬ ಲೆಕ್ಕ. ಅದು ಹೇಗೆ ತಪ್ಪಾದೀತು?

ಕರ್ನಲ್ ಸೋರ್ಸ್ ತೆರೆದೆ. ಅಲ್ಲಿಯೂ ಅದೇ ಹೆಸರಿನ ಟೈಪ್ ಇದೆ. ಆದರೆ ಅದರಲ್ಲಿ 64 ಸಿಗ್ನಲ್ಲಿಗೆ 64 ಬಿಟ್, ಅಂದರೆ 8 ಬೈಟ್. ಜಿಲಿಬ್‌ಸಿ ಮುಂದೆಂದಾದರೂ ಬೇಕಾದೀತು ಅಂತ 1024 ಬಿಟ್ ಜಾಗ ಹಿಡಿದಿಟ್ಟಿದೆ. ಮದುವೆಗೆ ಮೊದಲೇ ತೊಟ್ಟಿಲು ತಂದಿಟ್ಟ ಹಾಗೆ. ಬಳಕೆಯಾಗುವುದು ಮೊದಲ 8 ಬೈಟ್ ಮಾತ್ರ. ಮಾಸ್ಕ್ ನಲ್ ಆಗಿದ್ದರೆ ಕರ್ನಲ್ ಅಳತೆ ನೋಡುವುದೇ ಇಲ್ಲ. ಇಲ್ಲದಿದ್ದರೆ ಮಾಸ್ಕ್ ಓದುವ ಮೊದಲು ಅದನ್ನೇ ನೋಡಿ, ಹೊಂದದಿದ್ದರೆ ಹೊರಗಟ್ಟುತ್ತದೆ.

ಅಳತೆ ಕೇಳುವ ಪದ್ಧತಿಗೂ ಒಂದು ಕಾರಣವಿದೆ. ಮೊದಲು ಸಿಗ್ನಲ್ ಸೆಟ್ ಬರೀ 32 ಬಿಟ್. ಲಿನಕ್ಸ್ 2.2ರಲ್ಲಿ ರಿಯಲ್ ಟೈಮ್ ಸಿಗ್ನಲ್‌ಗಳು ಬಂದಾಗ ಅದು ಸಾಲದೆ 'ಆರ್‌ಟಿ_' ಹೆಸರಿನ ಹೊಸ ಕಾಲ್‌ಗಳೇ ಬೇಕಾದವು. ಆಗ ಅಳತೆಗೂ ಒಂದು ಆರ್ಗ್ಯುಮೆಂಟ್ ಸೇರಿತು. ಲಿನಕ್ಸಿನ ಕೈಪಿಡಿಯಾದ ಮ್ಯಾನ್ ಪೇಜಿನಲ್ಲಿ ಇದೆಲ್ಲ ಬರೆದಿದೆ. ಲೈಬ್ರರಿಯ ಹಂಗು ಬೇಡ ಎಂದವನು ಲೈಬ್ರರಿಯ ಸೈಜ್‌ಆಫ್ ಹಿಡಿದುಕೊಂಡೇ ಹೋಗಿದ್ದೆ ನೋಡಿ.

128 ತೆಗೆದು, ಹಳೆಯ ಜಿಲಿಬ್‌ಸಿಯೇ ಒಳಗೆ ಬರೆಯುತ್ತಿದ್ದ ಹಾಗೆ '_ಎನ್‌ಸಿಗ್ / 8' ಅಂತ ಬರೆದೆ. ಎನ್‌ಸಿಗ್ ಅಂದರೆ ಅತಿ ದೊಡ್ಡ ಸಿಗ್ನಲ್ ನಂಬರಿಗೆ ಒಂದು ಕೂಡಿಸಿದ ಸಂಖ್ಯೆ. ಕೋಡ್ ರಿವ್ಯೂಗೆ ಕೂತ ನಮ್ಮ ಟೀಮಿನ ಹಿರಿಯರು ಹೆಡರ್ ತೆಗೆದು ನೋಡಿ, "ಇಲ್ಲಿ ಎನ್‌ಸಿಗ್ 65 ಅಂತಿದೆಯಲ್ಲಪ್ಪಾ, ಎಂಟರಿಂದ ಭಾಗಿಸಿದರೆ ಎಷ್ಟು?" ಎಂದರು.

"ಎಂಟು ಸರ್. ಶೇಷ ಸಿ ಭಾಷೆ ನುಂಗಿಕೊಳ್ಳುತ್ತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಕಾಮೆಂಟ್ ಬರೆದಿಡು" ಎಂದರು.