ಪ್ರೊಸೆಸರ್ ಆಮೇಲೆ, ಮೊದಲು ತೂಕ ಹೇಳಿ

ನಮ್ಮ ಮನೆಯವರಲ್ಲಿ ಯಾರೇ ಲ್ಯಾಪ್‌ಟಾಪ್ ಕೊಳ್ಳಲು ಹೊರಟರೂ ಮೊದಲ ಫೋನು ನನಗೇ ಬರುತ್ತದೆ. ನಾನು ಕಂಪ್ಯೂಟರ್ ರಿಪೇರಿ ಮಾಡುವವನು, ಮಾರುವವನಲ್ಲ. ಆದರೆ ರಿಪೇರಿಯವನಿಗೆ ಒಂದು ಅನುಕೂಲ ಇದೆ. ಎರಡು-ಮೂರು ವರ್ಷ ಬ್ಯಾಗಿನಲ್ಲಿ ಓಡಾಡಿದ ಮೇಲೆ ಯಾವ ಲ್ಯಾಪ್‌ಟಾಪ್ ಏನಾಗಿರುತ್ತದೆ ಅನ್ನೋದು ಅವನ ಟೇಬಲ್ ಮೇಲೇ ಕಾಣುತ್ತದೆ. ಹೊಸದರ ಹೊಳಪು ನೋಡಿ ಮರುಳಾಗುವುದು ಸ್ವಲ್ಪ ಕಮ್ಮಿ.

ಈ ಸಲ ಫೋನು ಮಾಡಿದ್ದು ಅಕ್ಕ. ಮಗಳು ಹೈಸ್ಕೂಲಿಗೆ ಬಂದಿದ್ದಾಳೆ, ದಿನಾ ಹೊತ್ತುಕೊಂಡು ಹೋಗಬೇಕು, ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. "ಐ ಫೈವ್ ಇರಲೇಬೇಕಂತೆ ಕಣೋ, ಎಲ್ಲರೂ ಅದನ್ನೇ ಹೇಳ್ತಾರೆ" ಅಂದಳು. ಇಂಟೆಲ್ ಕಂಪನಿಯ ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪಿನ ಮಿದುಳಿನ, ಹೆಸರು ಅದು.

"ತೂಕ ಎಷ್ಟಂತೆ?" ಅಂದೆ. ಅದನ್ನು ಯಾರೂ ಹೇಳಿರಲಿಲ್ಲ.

ಕಮ್ಮಿ ಬಜೆಟ್ಟಿನ ಲ್ಯಾಪ್‌ಟಾಪ್ ಅಂದರೆ ಕಂಪನಿಯವರು ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದಿರುತ್ತಾರೆ. ಎಲ್ಲಿ ಹಿಡಿದಿದ್ದಾರೆ ಅನ್ನೋದನ್ನು ಹುಡುಕುವುದೇ ನಮ್ಮ ಕೆಲಸ. ನನ್ನ ಲೆಕ್ಕ ಇಷ್ಟೇ: ಆಮೇಲೆ ಬದಲಾಯಿಸಲು ಆಗದ್ದಕ್ಕೆ ಮೊದಲು ದುಡ್ಡು ಹಾಕಬೇಕು. ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡ್ರೈವ್) ಆಮೇಲೆ ದೊಡ್ಡದು ಹಾಕಬಹುದು. ಬ್ಯಾಟರಿ ಹೊಸದು ಹಾಕಬಹುದು. ತೂಕ, ಸ್ಕ್ರೀನು, ಕೀಬೋರ್ಡು, ಹಿಂಜ್ (ಮುಚ್ಚಳದ ಕೀಲು) ಇವೆಲ್ಲ ಮೊದಲ ದಿನ ಹೇಗೆ ಬಂತೋ ಹಾಗೇ ಕೊನೆಯವರೆಗೂ.

ತೂಕದ ವಿಷಯ ಮೊದಲು. ಶಾಲಾ ಮಕ್ಕಳ ಬ್ಯಾಗು ಮಗುವಿನ ತೂಕದ ನೂರಕ್ಕೆ 10ರಿಂದ 20ರಷ್ಟನ್ನು ದಾಟಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. 45 ಕೆಜಿ ಹುಡುಗಿಗೆ ನೂರಕ್ಕೆ 10ರ ಲೆಕ್ಕ ಹಿಡಿದರೆ 4.5 ಕೆಜಿ. 15.6 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ 1.7, 1.8 ಕೆಜಿ ತೂಗುತ್ತದೆ. ಅದರ ಜೊತೆ ಇಟ್ಟಿಗೆಯಂಥ ಚಾರ್ಜರು, ವೈರು ಸೇರಿ 300-400 ಗ್ರಾಂ. ಅಲ್ಲಿಗೆ ಅರ್ಧದ ಹತ್ತಿರ ಹತ್ತಿರ ಲ್ಯಾಪ್‌ಟಾಪೇ ತಿಂದುಹಾಕಿತು. ಪುಸ್ತಕ, ನೀರಿನ ಬಾಟಲಿ ಎಲ್ಲಿ ಹೋಗಬೇಕು?

ಪೆಟ್ಟಿಗೆ ಮೇಲೆ ಬರೆಯುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ ಅನ್ನೋದನ್ನೂ ನೆನಪಿಡಿ. ಆದ್ದರಿಂದ ಟೈಪ್-ಸಿ ಚಾರ್ಜಿಂಗ್ ಇದೆಯಾ ಅಂತ ನಾನು ಮೊದಲೇ ಕೇಳುತ್ತೇನೆ. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ, ಕೆಲವು ಬರೀ ಡೇಟಾಗೆ ಇರುತ್ತವೆ. ಚಾರ್ಜ್ ಆಗುವಂಥದ್ದಾದರೆ ಚಿಕ್ಕ 65 ವ್ಯಾಟ್ ಚಾರ್ಜರ್ ಒಂದೇ ಸಾಕು, ಫೋನಿಗೂ ಅದೇ. ಯುರೋಪಿಯನ್ ಒಕ್ಕೂಟದಲ್ಲಿ 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೂ ಟೈಪ್-ಸಿ ಕಡ್ಡಾಯ ಅಂತ ನಿಯಮ ಮಾಡಿದ್ದಾರೆ. ಹಾಗಾಗಿ ಗುಂಡು ಪಿನ್ನಿನ ಚಾರ್ಜರಿನ ಕಾಲ ಮುಗಿಯುತ್ತಾ ಬಂತು.

ಹಾಗಂತ ಹಗುರ ಒಂದೇ ಸಾಲದು. 2007ರಲ್ಲಿ ಆಸುಸ್ ಕಂಪನಿಯ "ಈ ಪಿಸಿ" (Eee PC) ಅಂತ ಒಂದು ಪುಟ್ಟ ಲ್ಯಾಪ್‌ಟಾಪ್ ಬಂದಿತ್ತು. 7 ಇಂಚಿನ ಸ್ಕ್ರೀನು, 4 ಜಿಬಿ ಸ್ಟೋರೇಜು, 1 ಕೆಜಿಗಿಂತ ಕಮ್ಮಿ ತೂಕ. ಅಗ್ಗದ, ಹಗುರದ ಲ್ಯಾಪ್‌ಟಾಪಿಗೆ ಇಷ್ಟೊಂದು ಜನ ಕಾಯುತ್ತಿದ್ದಾರೆ ಅಂತ ಎಲ್ಲ ಕಂಪನಿಗಳಿಗೂ ತೋರಿಸಿಕೊಟ್ಟಿದ್ದು ಅದೇ. ಆದರೆ ಅದರ ಕೀಬೋರ್ಡ್ ಮೇಲೆ ದೊಡ್ಡವರ ಎರಡು ಕೈ ಹಿಡಿಸುತ್ತಿರಲಿಲ್ಲ. ಪುಟಗಟ್ಟಲೆ ಬರೆಯಬೇಕಾದ ವಿದ್ಯಾರ್ಥಿಗೆ 13ರಿಂದ 14 ಇಂಚು ಸರಿಯಾದ ಅಳತೆ ಅನ್ನೋದು ನನ್ನ ಅಭಿಪ್ರಾಯ. 1.4 ಕೆಜಿ ಒಳಗಿದ್ದರೆ ಒಳ್ಳೆಯದು.

ಈಗ ಹಿಂಜ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕಂದರೆ ಯಾವ ಜಾಹೀರಾತಿನಲ್ಲೂ ಇದು ಬರುವುದಿಲ್ಲ. ಅಗ್ಗದ ಲ್ಯಾಪ್‌ಟಾಪ್ ಬಿಚ್ಚಿದರೆ ಹಿಂಜಿನ ಕಬ್ಬಿಣದ ತುಂಡು ಕೂರುವ ಜಾಗದಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಕಂಬ ಇರುತ್ತದೆ. ಆ ಕಂಬದೊಳಗೆ ಹಿತ್ತಾಳೆಯ ಪುಟ್ಟ ನಟ್ಟು. ಅದನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿಗೆ ಒತ್ತಿ ಕೂರಿಸಿರುತ್ತಾರೆ, ಸ್ಕ್ರೂ ಅದಕ್ಕೇ ಹೋಗುವುದು. ದಿನ ಕಳೆದ ಹಾಗೆ ಹಿಂಜು ಬಿಗಿಯಾಗುತ್ತದೆ. ಮಕ್ಕಳು ಮುಚ್ಚಳದ ಒಂದು ಮೂಲೆ ಹಿಡಿದು ಎತ್ತುತ್ತಾರೆ. ಆಗ ಪೂರ್ತಿ ಒತ್ತಡ ಒಂದೇ ಕಂಬದ ಮೇಲೆ. ಒಂದು ದಿನ ಪಟ್ ಅಂತ ನಟ್ಟು ಕಿತ್ತು ಬರುತ್ತದೆ, ಮೂಲೆ ಬಾಯಿ ಬಿಡುತ್ತದೆ. ಒಳಗಿನ ಎಲ್ಲವೂ ಸರಿ ಇರುತ್ತದೆ, ಆದರೆ ಮುಚ್ಚಳ ಮುಚ್ಚಲು ಆಗುವುದಿಲ್ಲ. ನನ್ನ ಹತ್ತಿರ ಬರುವ ಶಾಲಾ ಮಕ್ಕಳ ಲ್ಯಾಪ್‌ಟಾಪುಗಳಲ್ಲಿ ಈ ಕೇಸೇ ಜಾಸ್ತಿ.

ಅಂಗಡಿಯಲ್ಲೇ ಇದನ್ನು ನೋಡಬಹುದು. ಮುಚ್ಚಳವನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿ. ಸ್ಕ್ರೀನು ತಿರುಚಿಕೊಂಡರೆ, ಹಿಂಜಿನ ಹತ್ತಿರ ಕೆಳಗಿನ ಭಾಗ ಉಬ್ಬಿದ ಹಾಗೆ ಕಂಡರೆ, ಬೇರೆಯದನ್ನು ನೋಡಿ. ಮಿಲಿಟರಿ ಗ್ರೇಡ್ ಅನ್ನೋ ಸ್ಟಿಕ್ಕರ್ ನೋಡಿ ಮೋಸ ಹೋಗಬೇಡಿ. ಮಿಲ್-ಎಸ್‌ಟಿಡಿ-810 ಅನ್ನೋದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ಒಂದು ಕಟ್ಟು. ಅದರಲ್ಲಿ ಯಾವ ಪರೀಕ್ಷೆ ಮಾಡಬೇಕು ಅಂತ ಆರಿಸಿಕೊಳ್ಳುವುದು ಕಂಪನಿಯೇ. ಸ್ಟಿಕ್ಕರ್ ಮೇಲೆ ಅದೆಲ್ಲ ಇರುವುದಿಲ್ಲ.

ಕೀಬೋರ್ಡನ್ನು ಅಕ್ಕನ ಮಗಳ ಕೈಗೇ ಬಿಟ್ಟೆ. ಅವಳು ಒಂದೊಂದರಲ್ಲೂ ಒಂದು ಪ್ಯಾರಾ ಟೈಪ್ ಮಾಡಿ ನೋಡಿದಳು. ಚೆನ್ನಾಗಿ ಕಾಣುತ್ತಿದ್ದ ಒಂದರ ಮೇಲೆ ನಾಲ್ಕು ಸಾಲು ಕುಟ್ಟಿ, "ಮಾಮ, ಇದು ಮಧ್ಯದಲ್ಲಿ ಕುಣಿಯುತ್ತೆ" ಅಂದಳು. ನಿಜ. ಜಿ, ಎಚ್ ಕೀಗಳ ಹತ್ತಿರ ಒತ್ತಿದರೆ ಇಡೀ ಹಲಗೆ ಒಳಗೆ ಹೋಗುತ್ತಿತ್ತು. ಇನ್ನೊಂದು ವಿಷಯ, ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡನ್ನು ಸ್ಕ್ರೂ ಹಾಕಿ ಕೂರಿಸುವುದೇ ಕಮ್ಮಿ. ಪ್ಲಾಸ್ಟಿಕ್ ಕರಗಿಸಿ ಮೇಲ್ಭಾಗಕ್ಕೇ ಅಂಟಿಸಿಬಿಡುತ್ತಾರೆ. ನೀರು ಚೆಲ್ಲಿ ಕೀಬೋರ್ಡ್ ಹೋದರೆ ಮೇಲ್ಭಾಗ ಪೂರ್ತಿ ಬದಲಾಯಿಸಬೇಕಾಗುತ್ತದೆ. ರಿಪೇರಿ ಬಿಲ್ ನೋಡಿದವರು ನನ್ನ ಮುಖ ನೋಡುತ್ತಾರೆ, ನಾನೇನು ಮಾಡಲಿ?

ಸ್ಕ್ರೀನಿನಲ್ಲಿ ಐಪಿಎಸ್ ಅಂತ ಬರೆದಿದೆಯಾ ನೋಡಿ. ಅಗ್ಗದವುಗಳಲ್ಲಿ ಇನ್ನೂ ಟಿಎನ್ ಅನ್ನೋ ಹಳೇ ಥರದ ಪರದೆ ಹಾಕುತ್ತಾರೆ. ಅದನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಬಣ್ಣ ಮಾಸುತ್ತದೆ, ಇನ್ನಷ್ಟು ಬಾಗಿಸಿದರೆ ಕಪ್ಪು-ಬಿಳುಪು ಉಲ್ಟಾ ಆದ ಹಾಗೆ ಕಾಣುತ್ತದೆ. ಪರದೆಯ ಚುಕ್ಕೆಗಳ ಲೆಕ್ಕ 1366×768 ಅಂತ ಇದ್ದರೆ ಸುಮ್ನೆ ಮುಂದಕ್ಕೆ ಹೋಗಿ. 1920×1080 ಕನಿಷ್ಠ, 1920×1200 ಸಿಕ್ಕರೆ ಇನ್ನೂ ಒಳ್ಳೆಯದು. ಆ ಹೆಚ್ಚಿನ 120 ಗೆರೆಯಲ್ಲಿ ನಾಲ್ಕೈದು ಸಾಲು ಪಠ್ಯ ಜಾಸ್ತಿ ಕಾಣುತ್ತದೆ. ಹೊಳಪು 250 ನಿಟ್ಸ್ ಅಂದರೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕಣ್ಣು ಕಿರಿದು ಮಾಡಿ ಓದಬೇಕು. 300 ಇದ್ದರೆ ಪರವಾಗಿಲ್ಲ.

ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) 16 ಜಿಬಿ ಇದ್ದರೆ ಚಿಂತೆ ಇಲ್ಲ. 8 ಜಿಬಿ ಇದ್ದರೆ ಒಂದು ಪ್ರಶ್ನೆ ಕೇಳಲೇಬೇಕು: ಖಾಲಿ ಸ್ಲಾಟ್ ಇದೆಯಾ, ಅಥವಾ ಪೂರ್ತಿ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ? ಬೆಸುಗೆ ಹಾಕಿದ್ದರೆ ಅಲ್ಲಿಗೆ ಮುಗಿಯಿತು. ಸ್ಟೋರೇಜ್‌ನಲ್ಲಿ ಇಎಂಎಂಸಿ ಅಂತ ಇದ್ದರೆ ಬೇಡ. ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದೇ, ನಿಧಾನ ಬೇರೆ. 64 ಜಿಬಿ ಇಎಂಎಂಸಿ ಇರುವ ವಿಂಡೋಸ್ ಯಂತ್ರ ಅಂದರೆ ಪ್ರತಿ ದೊಡ್ಡ ಅಪ್‌ಡೇಟಿಗೂ ಜಾಗ ಇಲ್ಲ ಅಂತ ಗೋಳು.

ಕೊನೆಗೆ ಅಕ್ಕನ ಐ ಫೈವ್. ಐ ಫೈವ್ ಅನ್ನೋ ಹೆಸರೊಂದರಿಂದ ಏನೂ ಗೊತ್ತಾಗುವುದಿಲ್ಲ. 2015ರ ಐ5-6200ಯು ಕೂಡ ಐ ಫೈವೇ. ಅದರಲ್ಲಿರುವುದು ಎರಡು ಕೋರ್ (ಲೆಕ್ಕ ಮಾಡುವ ಘಟಕ), ವಿಂಡೋಸ್ 11ಕ್ಕೆ ಅಧಿಕೃತವಾಗಿ ಸಲ್ಲುವುದೂ ಇಲ್ಲ. 2023ರ ಐ3-1315ಯುನಲ್ಲಿ ಆರು ಕೋರ್ ಇವೆ, ಅದು ಆ ಹಳೆಯ ಐ ಫೈವನ್ನು ಎಲ್ಲೋ ಹಿಂದೆ ಹಾಕುತ್ತದೆ. ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿಯವರದು ಇನ್ನೊಂದು ಥರ. ರೈಜೆನ್ 5 7520ಯು, ರೈಜೆನ್ 5 7530ಯು. ನೋಡಲು ಅಣ್ಣ-ತಮ್ಮಂದಿರ ಹಾಗಿವೆ ಅಲ್ವಾ? ಮೂರನೇ ಅಂಕಿ ನೋಡಿ. 2 ಅಂದರೆ ಝೆನ್ 2, 2019ರ ವಿನ್ಯಾಸ, ನಾಲ್ಕು ಕೋರ್. 3 ಅಂದರೆ ಝೆನ್ 3, ಆರು ಕೋರ್. ಜೊತೆಗೆ 7520ಯು ಇರುವಲ್ಲೆಲ್ಲ ರ‍್ಯಾಮ್ ಬೆಸುಗೆ ಹಾಕಿದ್ದೇ ಆಗಿರುತ್ತದೆ. ಬರೆಯಲು, ಓದಲು, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆಯಲು ಇವತ್ತಿನ ಐ3 ಧಾರಾಳ ಸಾಕು. ಹೆಸರಿನ ಕೊನೆಯಲ್ಲಿ ಎಚ್ ಅಂತ ಇರುವುದು ಗೇಮಿಂಗ್ ಕಡೆಯದು, ಜಾಸ್ತಿ ವಿದ್ಯುತ್ ಕುಡಿಯುತ್ತದೆ. ಶಾಲೆಗೆ ಯು ಇರುವುದೇ ಒಳ್ಳೆಯದು.

ಬ್ಯಾಟರಿ 15 ಗಂಟೆ, 18 ಗಂಟೆ ಅಂತ ಬರೆದಿರುವುದನ್ನು ನಾನು ಓದುವುದೇ ಇಲ್ಲ. ಸ್ಕ್ರೀನ್ ಮಂದ ಮಾಡಿ, ಒಂದೇ ವಿಡಿಯೋ ಓಡಿಸಿ ತೆಗೆದ ಲೆಕ್ಕ ಅದು. ವ್ಯಾಟ್-ಅವರ್, ಅಂದರೆ ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ, ಅಂತ ನೋಡುತ್ತೇನೆ. ಸಾಮಾನ್ಯ ಕೆಲಸಕ್ಕೆ ಇಂಥ ಯಂತ್ರ ಸುಮಾರು 7 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 42 ವ್ಯಾಟ್-ಅವರ್ ಬ್ಯಾಟರಿ ಆರು ಗಂಟೆ ಬಂತು. ಮುನ್ನೂರರಿಂದ ಐನೂರು ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೆ ನೂರಕ್ಕೆ ಎಂಬತ್ತರಷ್ಟು ಉಳಿದರೆ ಅದು ಒಳ್ಳೆಯ ಬ್ಯಾಟರಿ. ಅಂದರೆ ಆರು ಗಂಟೆ ಐದಕ್ಕೆ ಇಳಿಯುತ್ತದೆ. ಶಾಲೆಯ ದಿನಕ್ಕೆ ಅದು ಅಂಚಿನಲ್ಲಿ. 50ರ ಮೇಲಿದ್ದರೆ ನೆಮ್ಮದಿ.

ನಾವು ತಂದಿದ್ದು 14 ಇಂಚಿನದು. 1.4 ಕೆಜಿ, ಐಪಿಎಸ್, ಟೈಪ್-ಸಿ ಚಾರ್ಜಿಂಗ್, ಐ3-1315ಯು. 8 ಜಿಬಿ ಬೋರ್ಡ್ ಮೇಲಿತ್ತು, ಖಾಲಿ ಸ್ಲಾಟಿಗೆ ಇನ್ನೊಂದು 8 ನಾನೇ ಹಾಕಿಕೊಟ್ಟೆ. ಟಚ್ ಸ್ಕ್ರೀನ್ ಇಲ್ಲ, ಬೆರಳಿಟ್ಟು ತೆರೆಯುವುದೂ ಇಲ್ಲ, ಸ್ಪೀಕರ್ ಸಾಧಾರಣ. ಅವಳು ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ, ಬಿಡಿ.

ಇಷ್ಟು ಹೊಸದಕ್ಕೂ ಬಜೆಟ್ ಸಾಲದಿದ್ದರೆ ಹಳೆಯ ಆಫೀಸ್ ಲ್ಯಾಪ್‌ಟಾಪ್ ನೋಡಿ. ನಾನಂತೂ ಹೊಸ ಕಳಪೆಗಿಂತ ಹಳೆಯ ಗಟ್ಟಿಯದಕ್ಕೇ ಓಟು ಹಾಕುತ್ತೇನೆ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490 ಇಂಥವು 2018ರ ಹೊತ್ತಿನವು. ಇವುಗಳ ಹಿಂಜ್ ಹಿಡಿದು ನೋಡಿದರೆ ನಾನು ಮೇಲೆ ಹೇಳಿದ್ದು ಅರ್ಥ ಆಗುತ್ತದೆ. ಇಂಟೆಲ್ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಲೇಬೇಕು, ಅದಕ್ಕಿಂತ ಹಳೆಯದು ಬೆರಳೆಣಿಕೆಯಷ್ಟು ಬಿಟ್ಟರೆ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕೊಳ್ಳುವ ಮೊದಲು ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿ. ಹೊಸದಿದ್ದಾಗ ಎಷ್ಟಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡೂ ಅದರಲ್ಲಿ ಬರುತ್ತದೆ. ಬಯೋಸ್‌ಗೆ (ವಿಂಡೋಸಿಗಿಂತ ಮೊದಲು ಬರುವ ಸೆಟ್ಟಿಂಗ್ ಪುಟಕ್ಕೆ) ಹೋಗಿ ಪಾಸ್‌ವರ್ಡ್ ಕೇಳುತ್ತದಾ ನೋಡಿ, ಕೇಳಿದರೆ ಮುಟ್ಟಬೇಡಿ. ಹಳೆಯ ಕಂಪನಿಯ ಲಾಕ್ ಹಾಗೇ ಉಳಿದುಕೊಂಡು ಬಂದದ್ದನ್ನು ಬಿಡಿಸಿಕೊಡಿ ಅಂತ ನನ್ನ ಹತ್ತಿರ ಬರುತ್ತಾರೆ, ಅದು ನನ್ನಿಂದ ಆಗುವ ಕೆಲಸ ಅಲ್ಲ.

ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್ ಓಎಸ್ ಓಡುವ ಲ್ಯಾಪ್‌ಟಾಪ್) ಬಗ್ಗೆಯೂ ಕೇಳುತ್ತಾರೆ. ಶಾಲೆಯ ಕೆಲಸ ಎಲ್ಲ ಬ್ರೌಸರಿನಲ್ಲೇ ಆಗುವುದಾದರೆ ಅದಕ್ಕಿಂತ ಕಮ್ಮಿ ತಲೆನೋವಿನದು ಇಲ್ಲ. 4 ಜಿಬಿ ರ‍್ಯಾಮಿನದು ಬೇಡ, 8 ಇರಲಿ. ಆದರೆ ವಿಂಡೋಸ್ ಪ್ರೋಗ್ರಾಮ್ ಅದರಲ್ಲಿ ಓಡುವುದಿಲ್ಲ, ಹಾಗಾಗಿ ಪರೀಕ್ಷೆಗೆ, ಪ್ರಾಜೆಕ್ಟಿಗೆ ಯಾವ ಸಾಫ್ಟ್‌ವೇರ್ ಬೇಕು ಅಂತ ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ. ಪ್ರತಿ ಮಾಡೆಲ್‌ಗೂ ಅಪ್‌ಡೇಟ್ ನಿಲ್ಲುವ ದಿನಾಂಕ ಒಂದಿರುತ್ತದೆ. 2021ರಿಂದ ಈಚೆಗೆ ಬಂದವಕ್ಕೆ ಹತ್ತು ವರ್ಷ ಅಂತ ಗೂಗಲ್ 2023ರಲ್ಲಿ ಹೇಳಿತು. ಆ ಹತ್ತು ವರ್ಷ ಶುರುವಾಗುವುದು ಆ ಥರದ ಯಂತ್ರ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಭಾರಿ ಡಿಸ್ಕೌಂಟ್ ಹಾಕಿ ಮೂಲೆಯಲ್ಲಿ ಇಟ್ಟಿದ್ದಾರೆ ಅಂದರೆ ಮೊದಲು ಆ ದಿನಾಂಕ ಹುಡುಕಿ.