ಹನ್ನೆರಡು ಕ್ಯೂಬ್ ಪಾಸ್, ಸ್ಲ್ಯಾಬ್ ಫೇಲ್

ತುಮಕೂರು ಕಡೆ ಒಂದು ಸರ್ಕಾರಿ ಶಾಲೆ ಕಟ್ಟಡ, ನಾನು ಕಂಟ್ರಾಕ್ಟರ್ ಕಡೆ ಸೈಟ್ ಇಂಜಿನಿಯರ್. ಆವತ್ತು ಮೊದಲನೇ ಮಹಡಿ ಸ್ಲ್ಯಾಬ್, ಎಂ25 (28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ಇರಬೇಕಾದ ಕಾಂಕ್ರೀಟ್), ಒಟ್ಟು 42 ಕ್ಯೂಬಿಕ್ ಮೀಟರ್, ಏಳು ಗಾಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಇಷ್ಟಕ್ಕೆ ನಾಲ್ಕು ಸ್ಯಾಂಪಲ್ ಬೇಕು, ಒಂದಕ್ಕೆ ಮೂರರಂತೆ ಹನ್ನೆರಡು ಕ್ಯೂಬ್ (ಬಲ ಪರೀಕ್ಷೆಗೆ ಅಚ್ಚಲ್ಲಿ ಹಾಕೋ ಕಾಂಕ್ರೀಟ್ ತುಂಡು). ಬೆಳಗ್ಗೆ ತಂಪಿನಲ್ಲಿ ಬಂದ ಮೊದಲ ಎರಡು ಗಾಡಿಲೇ ಹನ್ನೆರಡೂ ಹಾಕಿಸಿಬಿಟ್ಟೆ, ಮೋಲ್ಡ್ ರೆಡಿ ಇತ್ತು, ಆಮೇಲೆ ವೈಬ್ರೇಟರ್ ಹತ್ರ ನಿಂತ್ಕೋಬಹುದು ಅಂತ. ಆ ಕೆಲಸ ಮುಗೀತು ಅಂದ್ಕೊಂಡಿದ್ದೇ ದೊಡ್ಡ ತಪ್ಪು.

ಐದನೇ ಗಾಡಿ ಬಂದಿದ್ದು ಒಂದೂ ಇಪ್ಪತ್ತೈದಕ್ಕೆ. ಚಲನ್‌ನಲ್ಲಿ ಲೋಡಿಂಗ್ ಟೈಮ್ ಹನ್ನೊಂದು ಹತ್ತು. ಎರಡು ಗಂಟೆ ದಾಟಿತ್ತು, ವಾಪಸ್ ಕಳಿಸಬೇಕಿತ್ತು. ಸ್ಲಂಪ್, ಅಂದ್ರೆ ಕಾಂಕ್ರೀಟ್ ಎಷ್ಟು ಸಡಿಲ ಇದೆ ಅನ್ನೋ ಅಳತೆ, ನೋಡಿದ್ರೆ 60 ಮಿ.ಮೀ., ನಮಗೆ ಬೇಕಿದ್ದು 120. ಹಿಂದೆ ಸುರಿದ ಕಾಂಕ್ರೀಟ್ ಬಿಸಿಲಿಗೆ ಬಿಗೀತಾ ಇತ್ತು, ಪಂಪ್ ಆಪರೇಟರ್ "ಪೈಪ್ ಜಾಮ್ ಆಗುತ್ತೆ ಸಾರ್" ಅಂತ ಒಂದೇ ಸಮ ಕೂಗ್ತಿದ್ದ, ಮೇಸ್ತ್ರಿ ಬಂದು "ಸಾರ್, ಸ್ವಲ್ಪ ನೀರು ಬಿಡ್ಲಾ, ಕೋಲ್ಡ್ ಜಾಯಿಂಟ್ ಬಂದ್ರೆ ಇನ್ನೂ ಕಷ್ಟ" ಅಂದ. ಬಿಗಿದ ಕಾಂಕ್ರೀಟಿಗೆ ಹೊಸದು ಬೆಸೆಯದೆ ಉಳಿಯೋ ಸಂದೇ ಕೋಲ್ಡ್ ಜಾಯಿಂಟ್. ಪ್ಲಾಂಟ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸೈಟಲ್ಲಿ ನೀರಿಲ್ಲದೆ ಕಾಂಕ್ರೀಟ್ ಸಡಿಲ ಮಾಡೋ ಅಡ್‌ಮಿಕ್ಸ್ಚರ್ ಒಂದು ಕ್ಯಾನ್ ಕೂಡ ಇಟ್ಟಿರಲಿಲ್ಲ. ತಲೆ ಆಡಿಸಿದೆ. ಬಕೆಟ್ ಮೇಲೆ ಬಕೆಟ್, ಪಕ್ಕದಲ್ಲಿದ್ದ ಇನ್ನೂರು ಲೀಟರ್ ಡ್ರಮ್ ಪೂರ್ತಿ ಖಾಲಿ ಆಯ್ತು, ನಾನು ನೋಡ್ತಾ ನಿಂತೆ. ರಾತ್ರಿ ರೂಮಲ್ಲಿ ಲೆಕ್ಕ ಹಾಕಿದೆ: ಆರು ಕ್ಯೂಬಿಕ್ ಮೀಟರ್ ಗಾಡಿ, ಮೀಟರಿಗೆ 33 ಲೀಟರ್ ಜಾಸ್ತಿ, ಸಿಮೆಂಟ್ 350 ಕೆಜಿ, 0.45 ಇದ್ದ ವಾಟರ್ ಸಿಮೆಂಟ್ ರೇಶಿಯೋ 0.54 ದಾಟಿತ್ತು. ಇದು ಏರಿದಷ್ಟೂ ಕಾಂಕ್ರೀಟ್ ಬಲ ಇಳಿಯುತ್ತೆ. ಯಾರಿಗೂ ಹೇಳಲಿಲ್ಲ.

28 ದಿನಕ್ಕೆ ಹನ್ನೆರಡು ಕ್ಯೂಬೂ ಪಾಸ್. ಬಿಲ್ ಹೋಯ್ತು. ಆಮೇಲೆ ಥರ್ಡ್ ಪಾರ್ಟಿ ಇಂಜಿನಿಯರ್ ಬಂದು ಸ್ಲ್ಯಾಬಿನ ಒಂದು ಪ್ಯಾನೆಲ್ (ಬೀಮ್‌ಗಳ ನಡುವಿನ ಭಾಗ) ಮೇಲೆ ಚಪ್ಪಲಿ ಉಜ್ಜಿ ನೋಡಿದ್ರು, ಬಿಳಿ ಪುಡಿ ಎದ್ದಿತು. ಮೇಲ್ಮೈ ಗಟ್ಟಿತನ ನೋಡೋ ರಿಬೌಂಡ್ ಹ್ಯಾಮರ್ ಹಾಕಿದ್ರು, ಮುಖ ಗಂಭೀರ ಆಯ್ತು, ಕೋರ್ ತೆಗೀರಿ ಅಂದ್ರು, ಅಂದ್ರೆ ಸ್ಲ್ಯಾಬ್ ಕೊರೆದು ತುಂಡು ತೆಗೆದು ಟೆಸ್ಟ್ ಮಾಡೋದು. ಮಷೀನ್ ಕೆಳಗೆ ಇಳೀತಿರುವಾಗ ಬರೋ ಬೂದು ನೀರನ್ನ ನೋಡ್ತಾ, ಇದು ಐದನೇ ಗಾಡಿದೇ ಜಾಗ ಅಂತ ನನಗೊಬ್ಬನಿಗೇ ಗೊತ್ತಿತ್ತು. ಮೂರು ಕೋರ್: 22.4, 20.1, 17.6. ಎಂ25ಕ್ಕೆ ಕೋರ್‌ಗಳ ಸರಾಸರಿ ಕನಿಷ್ಠ 21.25 ಇರಬೇಕು, ಯಾವುದೂ 18.75ಕ್ಕಿಂತ ಕೆಳಗೆ ಇಳೀಬಾರದು. ಎರಡರಲ್ಲೂ ಹೋಯ್ತು. ಆಗ ನೀರು ಹಾಕಿದ್ದು ಬಾಯಿಬಿಟ್ಟು ಹೇಳಿದೆ. ಪ್ಯಾನೆಲ್ ಒಡೆದು ಮತ್ತೆ ಹಾಕಿದ್ವಿ, ಎರಡು ತಿಂಗಳು ಮಕ್ಕಳು ಹಳೇ ಕಟ್ಟಡದ ಜಗಲಿಲೇ ಕೂತ್ರು. ಅದು ಇನ್ನೂ ಚುಚ್ಚುತ್ತೆ.

ನೀರು ಹಾಕಿಸಿದ್ದು ನಾನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಗಾಡಿ ಎರಡು ಗಂಟೆ ಓಡಿದ್ದು ಯಾಕೆ? ಎಲ್1 (ಟೆಂಡರಲ್ಲಿ ಎಲ್ಲರಿಗಿಂತ ಕಡಿಮೆ ದರ ಹಾಕಿದವರು) ಆಗೋಕೆ ನಮ್ಮವರು ಎಸ್ಟಿಮೇಟ್‌ಗಿಂತ ತುಂಬಾ ಕೆಳಗೆ ಕೋಟ್ ಮಾಡಿದ್ರು, ಆ ದುಡ್ಡು ಉಳಿಸೋಕೆ ಹತ್ತಿರದ ಪ್ಲಾಂಟ್ ಬಿಟ್ಟು ದೂರದ ಅಗ್ಗದ ಪ್ಲಾಂಟ್ ಹಿಡಿದ್ರು. ಟೆಸ್ಟಿಂಗ್‌ಗೆ ಬಿಒಕ್ಯೂನಲ್ಲಿ (ಟೆಂಡರಿನ ಕೆಲಸಗಳ ಪಟ್ಟಿ) ಒಂದು ಐಟಂ ಇಲ್ಲ, ಕ್ಯೂಬ್ ಹಾಕೋನು ನಾನು, ಲ್ಯಾಬ್ ಆರಿಸೋನು ನನ್ನ ಓನರ್, ಆ ರಿಪೋರ್ಟ್ ನೋಡಿ ಬಿಲ್ ಮಾಡೋದು ಇಲಾಖೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಆಯ್ದ ಕಾಮಗಾರಿಗಳ ಟೆಂಡರಲ್ಲಿ ದರದ ಜೊತೆ ಕ್ವಾಲಿಟಿಗೂ 30 ಪರ್ಸೆಂಟ್‌ವರೆಗೆ ತೂಕ ಕೊಡಬಹುದು ಅಂತು. ತಾಲೂಕಿನ ಶಾಲೆ ಕಟ್ಟಡಕ್ಕೆ ಬಂದ್ರೆ ನಾನು ನೋಡಿರೋದು ಬರೀ ಎಲ್1.

ಈಗ ಯಾವ ಗಾಡಿಯಿಂದ ಕ್ಯೂಬ್ ತೆಗೀಬೇಕು ಅಂತ ನಾನು ಆರಿಸಲ್ಲ. ಪೋರಿಂಗ್ ದಿನ ಇಲಾಖೆಯ ಎಇ (ಅಸಿಸ್ಟೆಂಟ್ ಇಂಜಿನಿಯರ್) ಅವರು ಬೆಳಗ್ಗೆನೇ ಚೀಟಿ ಎತ್ತಿ ನಂಬರ್ ಬರ್ಕೊಂಡು ಜೇಬಲ್ಲಿ ಇಟ್ಕೊಳ್ತಾರೆ, ಗಾಡಿ ಬಂದಾಗಲೇ ನನಗೆ ಗೊತ್ತಾಗೋದು. ಟೆಸ್ಟಿಂಗ್ ಐಟಂ ಬೇರೆ ಮಾಡಿ, ದುಡ್ಡು ಇಲಾಖೆಯೇ ಲ್ಯಾಬ್‌ಗೆ ಕೊಡಲಿ ಅಂತ ಎರಡು ಸಲ ಬರೆದು ಕೊಟ್ಟಿದ್ದೀನಿ. ಮುಂದಿನ ಟೆಂಡರ್ ಡ್ರಾಫ್ಟ್ ಮೊನ್ನೆ ನೋಡಿದೆ, ಅದರಲ್ಲೂ ಆ ಐಟಂ ಇಲ್ಲ. ಮೂರನೇ ಸಲ ಬರೀತಿದ್ದೀನಿ.